ಪ್ರೋಗ್ರಾಮಿಂಗ್ ಬಾರದವರೂ ಕಟ್ಟಬಹುದಾದ ವೆಬ್‌ಸೈಟ್, ಆ್ಯಪ್: ಬೀಗದ ಕೈ ಮಾತ್ರ ನಮ್ಮಲ್ಲಿರಲಿ

ವೆಬ್‌ಸೈಟ್ ಅಥವಾ ಆ್ಯಪ್ ಎಂದೊಡನೆ ಸಾಫ್ಟ್‌ವೇರ್ ಇಂಜಿನಿಯರು, ಲಕ್ಷಗಟ್ಟಲೆ ಖರ್ಚು, ತಿಂಗಳುಗಟ್ಟಲೆ ಕಾಯುವಿಕೆ ನಮ್ಮಲ್ಲಿ ಅನೇಕರ ನೆನಪಿಗೆ ಬರುತ್ತದೆ. ಇಂದು ಪರಿಸ್ಥಿತಿ ಹಾಗಿಲ್ಲ. ಪ್ರೋಗ್ರಾಮಿನ ಒಂದು ಸಾಲನ್ನೂ ಬರೆದು ಗೊತ್ತಿಲ್ಲದವರು ಒಂದೆರಡು ಸಂಜೆ ಕುಳಿತು ತಮ್ಮ ವ್ಯಾಪಾರಕ್ಕೆ ಬೇಕಾದ ವೆಬ್‌ಸೈಟನ್ನೋ, ಆರ್ಡರ್ ಬರೆದುಕೊಳ್ಳುವ ಆ್ಯಪನ್ನೋ ತಯಾರಿಸಿಕೊಳ್ಳಲು ಸಾಧ್ಯವಿದೆ. ಇದಕ್ಕೆ ‘ನೋ ಕೋಡ್’ ಎಂದೂ, ಅಲ್ಲಲ್ಲಿ ಸಣ್ಣ ಸೂತ್ರಗಳನ್ನು ಬರೆಯಬೇಕಾಗುವಲ್ಲಿ ‘ಲೋ ಕೋಡ್’ ಎಂದೂ ಹೆಸರು. ನಮ್ಮ ಓದುಗರಲ್ಲಿ ಮನೆಯಿಂದಲೇ ವ್ಯಾಪಾರ ಮಾಡುವವರಿದ್ದಾರೆ, ಸಂಘ ಸಂಸ್ಥೆಗಳ ಲೆಕ್ಕಪತ್ರ ನೋಡಿಕೊಳ್ಳುವವರಿದ್ದಾರೆ, ಪರವೂರಿನಲ್ಲಿ ನೆಲೆಸಿದವರಿದ್ದಾರೆ. ಅವರಿಗೆ ಉಪಯೋಗವಾಗಲೆಂದು ಈ ವಿಷಯವನ್ನು ಇಲ್ಲಿ ಸ್ವಲ್ಪ ವಿವರವಾಗಿ ಬರೆಯುತ್ತಿದ್ದೇವೆ. ಕಟ್ಟುವುದು ಹೇಗೆ ಎಂಬುದನ್ನು ಹೇಳಿಕೊಡುವವರು ಬಹಳ ಮಂದಿ ಇದ್ದಾರೆ. ಕಟ್ಟಿದ್ದು ಕೊನೆಗೆ ಯಾರ ಕೈಯಲ್ಲಿ ಉಳಿಯುತ್ತದೆ ಎಂಬುದನ್ನು ಹೇಳುವವರು ಕಡಿಮೆ. ನಮಗೆ ಈ ಎರಡನೆಯದೇ ಮುಖ್ಯವಾಗಿ ಕಂಡಿದೆ.

ಮಾತು ಗಾಳಿಯಲ್ಲಿ ತೇಲದಿರಲು ಒಂದು ಊರನ್ನೂ ಒಂದು ಮನೆಯನ್ನೂ ಮುಂದಿಟ್ಟುಕೊಳ್ಳೋಣ. ಬೆಂಗಳೂರಿನ ಪಶ್ಚಿಮ ಭಾಗದಲ್ಲಿ ವಿಜಯನಗರಕ್ಕೆ ಹೊಂದಿಕೊಂಡು ಆರ್‌ಪಿಸಿ ಲೇಔಟ್ ಇದೆ. ಹಂಪಿನಗರ ಎಂದರೂ ಅದೇ. 2015ರ ನವೆಂಬರ್‌ನಲ್ಲಿ ಮಾಗಡಿ ರಸ್ತೆಯಿಂದ ಮೈಸೂರು ರಸ್ತೆಯವರೆಗಿನ ಮೆಟ್ರೋ ಮಾರ್ಗ ತೆರೆದ ಮೇಲೆ ಹೊಸಹಳ್ಳಿ, ವಿಜಯನಗರ, ಅತ್ತಿಗುಪ್ಪೆ ನಿಲ್ದಾಣಗಳು ಈ ಕಡೆಯವರಿಗೆ ಹತ್ತಿರವಾಗಿವೆ. ದೊಡ್ಡ ಐಟಿ ಕಂಪೆನಿಗಳ ಗಾಜಿನ ಕಟ್ಟಡಗಳು ಇರುವುದು ಊರಿನ ಇನ್ನೊಂದು ಮಗ್ಗುಲಲ್ಲಿ. ಇಲ್ಲಿರುವುದು ಮನೆಗಳು, ಮನೆಯ ಕೆಳಗೊಂದು ಅಂಗಡಿ, ಮೇಲಿನ ಕೋಣೆಯಲ್ಲಿ ಟ್ಯೂಷನ್, ಪರೀಕ್ಷೆಗೆ ಓದುವ ಹುಡುಗರ ಪಿ.ಜಿ.ಗಳು. ಸಾಫ್ಟ್‌ವೇರ್ ರಾಜಧಾನಿ ಎನಿಸಿಕೊಂಡ ಊರಿನಲ್ಲೇ ಇದ್ದರೂ ಇಂಥ ಬೀದಿಯ ಸಣ್ಣ ವ್ಯಾಪಾರಿಗೆ ಇಂಜಿನಿಯರನ್ನು ನೇಮಿಸಿಕೊಳ್ಳುವ ಶಕ್ತಿಯಿಲ್ಲ. ನೋ ಕೋಡ್‌ನ ಪ್ರಯೋಜನ ನಿಜವಾಗಿ ಆಗಬೇಕಾದದ್ದು ಇವರಿಗೆ.

ಈ ಬಡಾವಣೆಯಲ್ಲಿ ಕರಾವಳಿಯ ಕುಟುಂಬವೊಂದು ನೆಲೆಸಿದೆ, ಮನೆಯ ಹೆಂಗಸು ಕ್ರಿಸ್ಮಸ್ ಸಮಯದಲ್ಲಿ ಕುಸ್ವಾರ್ ಮಾಡಿ ಮಾರುತ್ತಾರೆ ಎಂದಿಟ್ಟುಕೊಳ್ಳೋಣ. ಕಿಡಿಯೊ, ಗುಳಿಯೊ, ನೆವ್ರ್ಯೊ, ತುಕ್ಡಿ, ಚಕ್ಕುಲಿ. ನವೆಂಬರ್ ಕೊನೆಗೆ ವಾಟ್ಸ್‌ಆ್ಯಪ್‌ನಲ್ಲಿ ಸಂದೇಶಗಳು ಶುರು. “ಬಾಯಿ, ಎರಡು ಕಿಲೊ ಕುಸ್ವಾರ್ ಬೇಕಿತ್ತು, ಗುಳಿಯೊ ಸ್ವಲ್ಪ ಜಾಸ್ತಿ ಹಾಕಿ” ಎಂದು ಒಬ್ಬರು. “ಕಳೆದ ವರ್ಷದ್ದೇ ಇರಲಿ ಆಂಟಿ” ಎಂದು ಇನ್ನೊಬ್ಬರು. ಮೂರನೆಯವರು ಧ್ವನಿ ಸಂದೇಶ ಕಳಿಸುತ್ತಾರೆ. ಹತ್ತು ಆರ್ಡರ್ ಇರುವವರೆಗೆ ತಲೆಯಲ್ಲಿ ನಿಲ್ಲುತ್ತದೆ. ಐವತ್ತಾದಾಗ ಡಿಸೆಂಬರ್ 20ರ ಬೆಳಿಗ್ಗೆ ಬಾಣಲೆ ಒಲೆಯ ಮೇಲಿಡುವ ಮೊದಲು ಒಟ್ಟು ಎಷ್ಟು ಕಿಲೊ ಗುಳಿಯೊ ಬೇಕು ಎಂದು ಯಾರಿಗೂ ಗೊತ್ತಿರುವುದಿಲ್ಲ.

ಇವರಿಗೆ ಮೊದಲು ಬೇಕಾದದ್ದು ವೆಬ್‌ಸೈಟೂ ಅಲ್ಲ, ಆ್ಯಪೂ ಅಲ್ಲ. ಸರಿಯಾದ ಒಂದು ಪಟ್ಟಿ ಬೇಕು.

ಆ್ಯಪ್‌ಗಳ ಬಗ್ಗೆ ಇದನ್ನು ಯಾರೂ ಸ್ಪಷ್ಟವಾಗಿ ಹೇಳುವುದಿಲ್ಲ. ಬಣ್ಣ ಬಣ್ಣದ ಪರದೆ, ಗುಂಡಿಗಳು ಎಲ್ಲ ಮೇಲಿನ ಅಲಂಕಾರ. ವ್ಯಾಪಾರದ ಆ್ಯಪ್‌ಗಳಲ್ಲಿ ಹೆಚ್ಚಿನವುಗಳ ಹೊಟ್ಟೆಯೊಳಗೆ ಇರುವುದು ಅಂಗಡಿಯ ಸಾಲದ ಪುಸ್ತಕದಂಥ ಒಂದು ಪಟ್ಟಿಯೇ. ಆ ಪಟ್ಟಿ ಸರಿ ಇದ್ದರೆ ಮೇಲಿನದನ್ನು ಯಾವಾಗ ಬೇಕಾದರೂ ಬದಲಿಸಬಹುದು. ಪಟ್ಟಿ ತಪ್ಪಿದರೆ ಎಷ್ಟು ಚಂದದ ಆ್ಯಪ್ ಮಾಡಿದರೂ ಲೆಕ್ಕ ಕೂಡುವುದಿಲ್ಲ. 2020ರ ಮಾರ್ಚ್‌ನಲ್ಲಿ ಕೊರೋನಾ ಅಂಕಿಅಂಶಗಳಿಗಾಗಿ ಆರಂಭವಾದ ‘ಕೋವಿಡ್19ಇಂಡಿಯಾ’ ಎಂಬ ತಾಣ ಹಲವರಿಗೆ ನೆನಪಿರಬಹುದು. ಅದರ ಪುಟಗಳನ್ನು ಬರೆದವರು ನುರಿತ ಪ್ರೋಗ್ರಾಮರುಗಳೇ. ಆದರೆ ದೇಶದ ಮೂಲೆಮೂಲೆಯ ಸ್ವಯಂಸೇವಕರು ದಿನವೂ ಅಂಕಿಗಳನ್ನು ತುಂಬುತ್ತಿದ್ದುದು ಸಾಮಾನ್ಯ ಗೂಗಲ್ ಶೀಟಿನಲ್ಲಿ. 2021ರ ಅಕ್ಟೋಬರ್ 31ರವರೆಗೆ ನಡೆದ ಆ ತಾಣವನ್ನು ಪತ್ರಿಕೆಗಳೂ ಸಂಶೋಧಕರೂ ಆಧರಿಸಿದ್ದರು.

ಆದುದರಿಂದ ನಮ್ಮ ಆರ್‌ಪಿಸಿ ಲೇಔಟಿನ ಬಾಯಿಯೂ ಶೀಟಿನಿಂದ ಶುರು ಮಾಡಲಿ. ಇಲ್ಲಿ ಕೆಲವು ವಿಷಯಗಳನ್ನು ನಿಧಾನವಾಗಿ ನೋಡಬೇಕು. ನೋ ಕೋಡ್ ಕಲಿಯುವವರಲ್ಲಿ ಹೆಚ್ಚಿನವರು ಮುಗ್ಗರಿಸುವುದು ಇಲ್ಲಿಯೇ.

ಒಂದು ಚೌಕದಲ್ಲಿ ಒಂದೇ ಸಂಗತಿ ಇರಬೇಕು. “2 ಕಿಲೊ ಕಿಡಿಯೊ, ಅರ್ಧ ಕಿಲೊ ನೆವ್ರ್ಯೊ” ಎಂದು ಒಂದೇ ಚೌಕದಲ್ಲಿ ಬರೆದರೆ ಮನುಷ್ಯರಿಗೆ ಅರ್ಥವಾಗುತ್ತದೆ, ಶೀಟಿಗೆ ಕೂಡಿಸಲು ಬರುವುದಿಲ್ಲ. ಆದ್ದರಿಂದ ಮೂರು ಪಟ್ಟಿಗಳನ್ನು ಮಾಡಿಕೊಳ್ಳುವುದು ಒಳ್ಳೆಯದು. ಮೊದಲನೆಯದು ತಿಂಡಿಗಳ ಪಟ್ಟಿ: ಹೆಸರು ಮತ್ತು ಕಿಲೊ ದರ. ಎರಡನೆಯದು ಆರ್ಡರ್‌ಗಳ ಪಟ್ಟಿ: ಆರ್ಡರ್ ಸಂಖ್ಯೆ, ಗಿರಾಕಿಯ ಹೆಸರು, ಫೋನ್, ಯಾವ ದಿನ ಬೇಕು, ಮನೆಗೆ ತಲುಪಿಸಬೇಕೋ ಅವರೇ ಬಂದು ಒಯ್ಯುವರೋ. ಮೂರನೆಯದರಲ್ಲಿ ಪ್ರತಿ ತಿಂಡಿಗೆ ಒಂದು ಸಾಲು: ಯಾವ ಆರ್ಡರಿನದು, ಯಾವ ತಿಂಡಿ, ಎಷ್ಟು ಕಿಲೊ, ಆ ದಿನದ ದರ ಎಷ್ಟು. ದರ ಮೊದಲ ಪಟ್ಟಿಯಲ್ಲೇ ಇದೆಯಲ್ಲ, ಮತ್ತೆ ಯಾಕೆ ಎಂದು ಕೇಳಬಹುದು. ಡಿಸೆಂಬರ್ ನಡುವಿನಲ್ಲಿ ತೆಂಗಿನಕಾಯಿ, ಎಣ್ಣೆಯ ಬೆಲೆ ಏರಿ ದರವನ್ನು ಬದಲಿಸಬೇಕಾಯಿತೆನ್ನಿ. ದರವನ್ನು ಒಂದೇ ಕಡೆ ಇಟ್ಟಿದ್ದರೆ, ಹಳೆಯ ದರಕ್ಕೆ ಒಪ್ಪಿ ಮುಂಗಡ ಕೊಟ್ಟವರ ಬಿಲ್ಲೂ ತನ್ನಿಂತಾನೇ ಏರಿಬಿಡುತ್ತದೆ. ಗಿರಾಕಿಗೆ ಕೊಟ್ಟ ಮಾತು ಬರೆದ ದಿನದ ದರವೇ ಆಗಿರಬೇಕು.

ಗಿರಾಕಿಯನ್ನು ಹೆಸರಿನಿಂದ ಗುರುತಿಸಲು ಹೋಗಬಾರದು. ನಮ್ಮ ಕರಾವಳಿಯವರಿಗಂತೂ ಇದನ್ನು ವಿವರಿಸಬೇಕಾಗಿಲ್ಲ. ಡಿಸೋಜ, ಡಿಸೋಜಾ, ಡಿ’ಸೋಜಾ ಎಲ್ಲ ಒಂದೇ ಮನೆಯವರಾಗಿರಬಹುದು, ಒಂದೇ ರೀತಿ ಬರೆದ ಇಬ್ಬರು ಮೇರಿ ಡಿಸೋಜರು ಬೇರೆ ಬೇರೆಯವರಾಗಿರಬಹುದು. ಗಣಕಯಂತ್ರಕ್ಕೆ ಒಂದು ಚುಕ್ಕೆ ಬದಲಾದರೂ ಬೇರೆ ಮನುಷ್ಯರೇ. ಫೋನ್ ಸಂಖ್ಯೆಯೇ ಇಲ್ಲಿ ಒಳ್ಳೆಯ ಗುರುತು. ಆದರೆ ಫೋನ್ ಸಂಖ್ಯೆ ಕೂಡಿ ಕಳೆಯುವ ಸಂಖ್ಯೆಯಲ್ಲ. ಆ ಕಾಲಮ್ಮನ್ನು ‘ಸಾದಾ ಪಠ್ಯ’ ಎಂದು ಹೊಂದಿಸದಿದ್ದರೆ ಶೀಟು ಮೊದಲಿನ ಸೊನ್ನೆಯನ್ನು ನುಂಗಿಬಿಡುತ್ತದೆ. ದಿನಾಂಕದ್ದೂ ಇಂಥದೇ ತೊಂದರೆ. ಶೀಟಿನ ಸೆಟ್ಟಿಂಗ್‌ನಲ್ಲಿ ದೇಶ ಅಮೆರಿಕ ಎಂದಿದ್ದರೆ 5/12 ಎಂದು ಬರೆದದ್ದು ಮೇ 12 ಆಗುತ್ತದೆ. ದೇಶವನ್ನು ಭಾರತ ಎಂದು ಬದಲಿಸಲು ಒಂದು ನಿಮಿಷ ಸಾಕು.

ಇಷ್ಟಾದ ಮೇಲೆ ಡಿಸೆಂಬರ್ 20ಕ್ಕೆ ಎಷ್ಟು ಕಿಲೊ ಗುಳಿಯೊ ಎಂಬುದಕ್ಕೆ ‘ಸಮ್‌ಇಫ್ಸ್’ ಎಂಬ ಒಂದೇ ಸೂತ್ರ ಉತ್ತರ ಕೊಡುತ್ತದೆ. ಅದಕ್ಕಾಗಿ ಮೂರನೆಯ ಪಟ್ಟಿಯ ಪ್ರತಿ ಸಾಲಿನಲ್ಲೂ ಬೇಕಾದ ದಿನ ಕಾಣಿಸುವಂತೆ ಮಾಡಿಕೊಂಡಿರಬೇಕು. ಇದು ಪ್ರೋಗ್ರಾಮಿಂಗ್ ಅಲ್ಲವೇ ಎಂದು ಯಾರಾದರೂ ಕೇಳಿದರೆ ಹೌದೆಂದೇ ಹೇಳಬೇಕು. ಯಾವ ಕೋಡೂ ಬೇಡ ಎಂಬುದು ಜಾಹೀರಾತಿನ ಮಾತು. ಕೋಡ್ ಬೇಡದಿದ್ದರೂ ಯೋಚನೆಯಂತೂ ಬೇಕು.

ಇನ್ನು ಮುಂದಿನ ಹೆಜ್ಜೆ. ಗಿರಾಕಿಗಳೇ ಆರ್ಡರ್ ತುಂಬುವಂತೆ ಗೂಗಲ್ ಫಾರ್ಮ್ ಮಾಡಿ ಅದರ ಕೊಂಡಿಯನ್ನು ವಾಟ್ಸ್‌ಆ್ಯಪ್‌ನಲ್ಲಿ ಕಳಿಸಬಹುದು. ತುಂಬಿದ್ದೆಲ್ಲ ತಾನಾಗಿ ಶೀಟಿಗೆ ಬಂದು ಬೀಳುತ್ತದೆ. ಫಾರ್ಮಿಗೆ ಎರಡು ಮಿತಿಗಳಿವೆ. ಅದು ಗಿರಾಕಿಗೆ ಒಟ್ಟು ಮೊತ್ತವನ್ನು ಲೆಕ್ಕ ಹಾಕಿ ತೋರಿಸುವುದಿಲ್ಲ. ಒಂದು ಆರ್ಡರಿನ ಎಲ್ಲ ತಿಂಡಿಗಳನ್ನೂ ಒಂದೇ ಸಾಲಿನಲ್ಲಿ ತಂದು ಹಾಕುತ್ತದೆ, ಅದನ್ನು ಮೇಲೆ ಹೇಳಿದ ಮೂರನೆಯ ಪಟ್ಟಿಗೆ ಬಿಡಿಸಿ ಬರೆಯುವ ಕೆಲಸ ಉಳಿಯುತ್ತದೆ. ಐವತ್ತು ಆರ್ಡರಿಗೆ ಇದು ದೊಡ್ಡ ಹೊರೆಯಲ್ಲ.

ಹೊರೆ ಎನಿಸಿದಾಗ ಆ್ಯಪ್‌ಶೀಟ್‌ನಂಥ ಸಾಧನ ನೆರವಿಗೆ ಬರುತ್ತದೆ. 2020ರ ಜನವರಿಯಲ್ಲಿ ಗೂಗಲ್ ಕೊಂಡುಕೊಂಡ ಈ ಸಾಧನಕ್ಕೆ ನಮ್ಮ ಶೀಟನ್ನು ತೋರಿಸಿದರೆ ಸಾಕು, ಇದು ದಿನಾಂಕ, ಇದು ಫೋನ್, ಇದು ಹಣ ಎಂದು ಕಾಲಮ್ಮುಗಳನ್ನು ಊಹಿಸಿ ಮೊಬೈಲ್ ಪರದೆಗಳನ್ನು ತಾನೇ ರಚಿಸುತ್ತದೆ. ಫೋನ್ ಸಂಖ್ಯೆಯ ಪಕ್ಕದಲ್ಲಿ ಕರೆ ಮಾಡುವ ಗುಂಡಿ ಬರುತ್ತದೆ. ಒಂದು ಆರ್ಡರ್ ಒತ್ತಿದರೆ ಅದರ ತಿಂಡಿಗಳು ಕೆಳಗೆ ಸಾಲಾಗಿ ಕಾಣುತ್ತವೆ. ಪೊಟ್ಟಣ ತಲುಪಿಸುವ ಹುಡುಗನಿಗೆ ಆ ದಿನದ ವಿಳಾಸಗಳು ಮಾತ್ರ ಕಾಣುವಂತೆ ಮಾಡಬಹುದು. ಅವನು ‘ತಲುಪಿದೆ’ ಎಂದು ಒತ್ತಿದೊಡನೆ ಮನೆಯಲ್ಲಿ ಬಾಣಲೆಯ ಮುಂದೆ ಇರುವವರಿಗೆ ಗೊತ್ತಾಗುತ್ತದೆ. ಒಂದು ಹೂವಿನಂಗಡಿಗೂ ಟ್ಯೂಷನ್ ತರಗತಿಗೂ ಇದೇ ಕ್ರಮ ಸಾಕು, ಕಾಲಮ್ಮುಗಳ ಹೆಸರು ಬೇರೆ ಅಷ್ಟೆ.

ಹಣದ ವಿಷಯದಲ್ಲಿ ಎಚ್ಚರಿಕೆ ಬೇಕು. ಯುಪಿಐ ಕ್ಯೂಆರ್ ಚಿತ್ರವನ್ನು ಫಾರ್ಮಿನಲ್ಲಿ ಅಂಟಿಸಿಟ್ಟರೆ ಹಣ ಬರುತ್ತದೆ, ಆದರೆ ಬಂದ ಸುದ್ದಿ ಶೀಟಿಗೆ ತಾನಾಗಿ ತಲುಪುವುದಿಲ್ಲ. ಗಿರಾಕಿ ಕಳಿಸಿದ ಸ್ಕ್ರೀನ್‌ಶಾಟ್ ಹಣ ಬಂದದ್ದಕ್ಕೆ ಸಾಕ್ಷಿಯಲ್ಲ. ಬ್ಯಾಂಕಿನ ಖಾತೆ ನೋಡಿಯೇ ‘ಪಾವತಿ’ ಎಂದು ಗುರುತು ಹಾಕಬೇಕು. ಮನೆಯಲ್ಲಿ ತಿಂಡಿ ಮಾಡಿ ಮಾರುವವರು ಆಹಾರ ಸುರಕ್ಷತಾ ಪ್ರಾಧಿಕಾರದಲ್ಲಿ ನೋಂದಾಯಿಸಿಕೊಳ್ಳಬೇಕಾದ ಕೆಲಸವನ್ನೂ ಯಾವ ಆ್ಯಪೂ ಮಾಡಿಕೊಡುವುದಿಲ್ಲ ಎಂಬುದನ್ನು ಇಲ್ಲೇ ಹೇಳಿಬಿಡುತ್ತೇವೆ.

“ನಮ್ಮ ಆ್ಯಪ್ ಪ್ಲೇ ಸ್ಟೋರಿನಲ್ಲಿ ಬರಬೇಕು” ಎಂಬ ಆಸೆ ಅನೇಕರಿಗೆ. ಗೂಗಲ್ ಪ್ಲೇಯಲ್ಲಿ ಖಾತೆ ತೆರೆಯಲು ಒಂದು ಸಲಕ್ಕೆ 25 ಡಾಲರ್, ಆ್ಯಪಲ್‌ನಲ್ಲಿ ವರ್ಷ ವರ್ಷ 99 ಡಾಲರ್ ಕಟ್ಟಬೇಕು. ವೈಯಕ್ತಿಕ ಖಾತೆ ಹೊಸದಾಗಿ ತೆರೆದವರು ಕನಿಷ್ಠ 12 ಮಂದಿಯಿಂದ 14 ದಿನ ಸತತವಾಗಿ ಆ್ಯಪನ್ನು ಪರೀಕ್ಷೆ ಮಾಡಿಸಬೇಕೆಂಬ ನಿಯಮವೂ ಗೂಗಲ್‌ನಲ್ಲಿದೆ. ವರ್ಷಕ್ಕೊಮ್ಮೆ ಕುಸ್ವಾರ್ ಕೊಳ್ಳಲು ಯಾರೂ ಆ್ಯಪ್ ಇಳಿಸಿಕೊಳ್ಳುವುದಿಲ್ಲ ಎಂದೇ ನಮ್ಮ ಅಭಿಪ್ರಾಯ. ಒಂದು ಕೊಂಡಿ ಸಾಕು. 2018ರ ಜನವರಿಯಲ್ಲಿ ಭಾರತಕ್ಕೆ ಬಂದ ವಾಟ್ಸ್‌ಆ್ಯಪ್ ಬಿಸಿನೆಸ್‌ನಲ್ಲಿ ಮರುವರ್ಷ ಸೇರಿದ ಕ್ಯಾಟಲಾಗ್ ಸೌಲಭ್ಯವೂ ಇದೆ, ಅದರಲ್ಲಿ ತಿಂಡಿಯ ಚಿತ್ರ, ದರ ಹಾಕಿಟ್ಟರೆ ಅದೇ ಒಂದು ಪುಟ್ಟ ಅಂಗಡಿ. ಬೆಂಗಳೂರಿನಲ್ಲೇ 2020ರ ಲಾಕ್‌ಡೌನ್ ಸಮಯದಲ್ಲಿ ಹುಟ್ಟಿದ ‘ದುಕಾನ್’ ಎಂಬ ಕಂಪೆನಿ ಮೊಬೈಲಿನಿಂದಲೇ ಆನ್‌ಲೈನ್ ಅಂಗಡಿ ತೆರೆಯುವ ಸೌಲಭ್ಯ ಕೊಟ್ಟು ಹೆಸರು ಮಾಡಿತು. ಅದಕ್ಕೆ ಒಂದು ವರ್ಷ ಮೊದಲು ಇಲ್ಲೇ ಆರಂಭವಾದ ‘ಆ್ಯಪ್‌ಸ್ಮಿತ್’ ಕಂಪೆನಿಗಳ ಒಳಗಿನ ಕೆಲಸಕ್ಕೆ ಪರದೆಗಳನ್ನು ಜೋಡಿಸುವ ಮುಕ್ತ ತಂತ್ರಾಂಶ. ಅದನ್ನು ಬಳಸಲು ಸ್ವಲ್ಪ ಪ್ರೋಗ್ರಾಮಿಂಗ್ ತಿಳಿದಿರಬೇಕು.

ವೆಬ್‌ಸೈಟಿನ ವಿಷಯಕ್ಕೆ ಬರೋಣ. ಇಲ್ಲಿ ಕನ್ನಡಿಗರಿಗೆ ಹಳೆಯ ಅನುಭವವೊಂದಿದೆ. ಭಾಭಾ ಅಣು ಸಂಶೋಧನಾ ಕೇಂದ್ರದಲ್ಲಿ ವಿಜ್ಞಾನಿಯಾಗಿದ್ದ ಡಾ. ಯು. ಬಿ. ಪವನಜ ಅವರು 1996ರಲ್ಲೇ ‘ವಿಶ್ವಕನ್ನಡ’ ಎಂಬ ಕನ್ನಡದ ಮೊದಲ ಅಂತರ್ಜಾಲ ಪತ್ರಿಕೆಯನ್ನು ಆರಂಭಿಸಿದರು. ಮಕ್ಕಳು ಕನ್ನಡದಲ್ಲೇ ಆದೇಶ ಕೊಟ್ಟು ಪ್ರೋಗ್ರಾಮಿಂಗ್ ಕಲಿಯಲೆಂದು ‘ಲೋಗೊ’ ಭಾಷೆಯ ಕನ್ನಡ ಆವೃತ್ತಿಯನ್ನು ತಯಾರಿಸಿದವರೂ ಅವರೇ. ಆ ಕಾಲದಲ್ಲಿ ಕನ್ನಡ ಪುಟ ನೋಡಬೇಕಾದರೆ ಓದುಗರು ತಮ್ಮ ಗಣಕಯಂತ್ರಕ್ಕೂ ಅದೇ ಫಾಂಟ್ ಹಾಕಿಕೊಳ್ಳಬೇಕಾಗಿತ್ತು. ಇಲ್ಲವಾದರೆ ಅಕ್ಷರದ ಬದಲಿಗೆ ಇಂಗ್ಲಿಷಿನ ಚಿತ್ರವಿಚಿತ್ರ ಗುರುತುಗಳು. 2001ರ ವಿಂಡೋಸ್ ಎಕ್ಸ್‌ಪಿ ‘ತುಂಗಾ’ ಫಾಂಟಿನೊಂದಿಗೆ ಯೂನಿಕೋಡ್ ಕನ್ನಡವನ್ನು ತಂದ ಮೇಲೆ ನಿಧಾನವಾಗಿ ಈ ತೊಂದರೆ ನೀಗಿತು. ಅಂದು ಕೋಡ್ ಬರೆಯಲು ಬಾರದವರ ಕೈಗೆ ಸಿಕ್ಕಿದ್ದು ಮೈಕ್ರೋಸಾಫ್ಟ್‌ನ ‘ಫ್ರಂಟ್‌ಪೇಜ್’. ವರ್ಡ್‌ನಲ್ಲಿ ಪತ್ರ ಬರೆದಂತೆ ಪುಟ ಮಾಡಬಹುದಾಗಿತ್ತು. ಅದರ 2003ರ ಆವೃತ್ತಿಯೇ ಕೊನೆಯದು. ಅಂದು ಆ ಉತ್ಸಾಹದಲ್ಲಿ ಹುಟ್ಟಿದ ಸಂಘ ಸಂಸ್ಥೆಗಳ ಎಷ್ಟೋ ಪುಟಗಳು ಇಂದು ತೆರೆಯುವುದೇ ಇಲ್ಲ.

ಹಳೆಯ ಫಾಂಟಿನ ಪಾಠ ಇಂದಿಗೂ ಬೇಕು. ದರಪಟ್ಟಿಯನ್ನು ಚಂದದ ಪೋಸ್ಟರ್ ಮಾಡಿ ಚಿತ್ರವಾಗಿ ವೆಬ್‌ಸೈಟಿಗೆ ಹಾಕಿದರೆ ಕಣ್ಣಿಗೆ ಹಿತ, ಆದರೆ ಹುಡುಕುವವರ ಕೈಗೆ ಸುಲಭವಾಗಿ ಸಿಗುವುದಿಲ್ಲ, ಕಣ್ಣು ಕಾಣದವರ ಓದುವ ಸಾಧನಕ್ಕೂ ಅದು ಬರೀ ಚಿತ್ರ. ಅಕ್ಷರವಾಗಿ, ಯೂನಿಕೋಡಿನಲ್ಲಿ ಬರೆಯಬೇಕು. ಆ್ಯಪ್‌ನಿಂದ ಬಿಲ್ಲನ್ನು ಪಿಡಿಎಫ್ ಮಾಡುವ ಮೊದಲು ಒತ್ತಕ್ಷರವಿರುವ ಒಂದು ಹೆಸರು ಹಾಕಿ ಪರೀಕ್ಷಿಸಿ ನೋಡುವುದೂ ಒಳ್ಳೆಯದು. ಪರದೆಯ ಮೇಲೆ ಸರಿಯಾಗಿ ಕಾಣುವ ‘ಚಕ್ಕುಲಿ’ ಕೆಲವು ಸಾಧನಗಳ ಪಿಡಿಎಫ್‌ನಲ್ಲಿ ಒತ್ತು ಕಳಚಿಕೊಂಡು ಬರುತ್ತದೆ.

ವೆಬ್‌ಸೈಟ್ ಮಾಡಲು ಇಂದು ಮುಖ್ಯವಾಗಿ ಎರಡು ದಾರಿಗಳಿವೆ. ಗೂಗಲ್ ಸೈಟ್ಸ್, ವಿಕ್ಸ್ ಮುಂತಾದವುಗಳಲ್ಲಿ ಎಲ್ಲವೂ ಅವರ ಮನೆಯಲ್ಲೇ, ನಾವು ಬಾಡಿಗೆದಾರರು. ವರ್ಡ್‌ಪ್ರೆಸ್ 2003ರಲ್ಲಿ ಆರಂಭವಾದ ಮುಕ್ತ ತಂತ್ರಾಂಶ. ಜಗತ್ತಿನ ವೆಬ್‌ಸೈಟುಗಳಲ್ಲಿ ಶೇಕಡಾ 40ಕ್ಕಿಂತ ಹೆಚ್ಚು ಇದರ ಮೇಲೆ ನಡೆಯುತ್ತಿವೆ. ಒಂದು ಕಂಪೆನಿಯ ಸರ್ವರಿನಲ್ಲಿ ತೊಂದರೆಯಾದರೆ ಎಲ್ಲವನ್ನೂ ಮೂಟೆ ಕಟ್ಟಿಕೊಂಡು ಇನ್ನೊಂದಕ್ಕೆ ಹೋಗಬಹುದು. ಆದರೆ ಬಾಡಿಗೆ ಮನೆಯಲ್ಲಿ ಮಾಲೀಕರು ನೋಡಿಕೊಳ್ಳುವ ರಿಪೇರಿಯನ್ನು ಇಲ್ಲಿ ನಾವೇ ಮಾಡಬೇಕು. ಪ್ಲಗಿನ್‌ಗಳನ್ನು ತಿಂಗಳು ತಿಂಗಳು ನವೀಕರಿಸದಿದ್ದರೆ ಕನ್ನ ಹಾಕುವವರು ಬರುತ್ತಾರೆ. ನಾಲ್ಕು ಪುಟದ ಪರಿಚಯಕ್ಕೆ ಗೂಗಲ್ ಸೈಟ್ಸ್ ಸಾಕು. ವರ್ಷಗಟ್ಟಲೆ ಬರಹ, ಚಿತ್ರ ಸೇರುತ್ತಾ ಹೋಗುವ ಸಂಘದ ತಾಣಕ್ಕೆ ವರ್ಡ್‌ಪ್ರೆಸ್ ಮೇಲು.

ಬಾಡಿಗೆದಾರರ ಕಷ್ಟ ಏನೆಂಬುದಕ್ಕೆ ಉದಾಹರಣೆಗಳು ದೂರದಲ್ಲಿಲ್ಲ. ತೊಂಬತ್ತರ ದಶಕದಲ್ಲಿ ಲಕ್ಷಾಂತರ ಜನ ಉಚಿತವಾಗಿ ಮನೆಪುಟ ಮಾಡಿಕೊಂಡಿದ್ದ ಜಿಯೋಸಿಟೀಸ್ 2009ರ ಅಕ್ಟೋಬರ್‌ನಲ್ಲಿ ಮುಚ್ಚಿಹೋಯಿತು. 2017ರಲ್ಲಿ ಗೂಗಲ್ ಭಾರತದ ಸಣ್ಣ ವ್ಯಾಪಾರಿಗಳಿಗೆ ಉಚಿತ ವೆಬ್‌ಸೈಟ್ ಎಂದು ಘೋಷಿಸಿದಾಗ ಮೊಬೈಲಿನಲ್ಲಿ ಹತ್ತು ನಿಮಿಷದಲ್ಲಿ ಅಂಗಡಿಯ ಪುಟ ತಯಾರಾಗುತ್ತಿತ್ತು. 2024ರ ಮಾರ್ಚ್‌ನಲ್ಲಿ ಆ ಪುಟಗಳನ್ನೆಲ್ಲ ನಿಲ್ಲಿಸಲಾಯಿತು. ಜೂನ್ 10ರವರೆಗೆ ಹಳೆಯ ಕೊಂಡಿ ಒತ್ತಿದವರನ್ನು ಗೂಗಲ್‌ನಲ್ಲಿರುವ ಅಂಗಡಿಯ ವಿವರಕ್ಕೆ ಕಳಿಸಲಾಗುತ್ತಿತ್ತು, ನಂತರ ಅದೂ ಇಲ್ಲ. ಬೋರ್ಡಿನ ಮೇಲೆ, ಚೀಲದ ಮೇಲೆ, ವಿಸಿಟಿಂಗ್ ಕಾರ್ಡಿನ ಮೇಲೆ ಆ ವಿಳಾಸವನ್ನು ಅಚ್ಚು ಹಾಕಿಸಿದವರ ಪಾಡು ಊಹಿಸಿಕೊಳ್ಳಬಹುದು. ದೊಡ್ಡ ಹಣವಿದ್ದ ಮಾತ್ರಕ್ಕೆ ಉಳಿಯುತ್ತದೆಂದೂ ಇಲ್ಲ. ಮೈಕ್ರೋಸಾಫ್ಟ್ ಕೂಡ ಹಣ ಹೂಡಿದ್ದ, ಯಾರು ಬೇಕಾದರೂ ಆ್ಯಪ್ ಮಾಡಿಸಬಹುದು ಎನ್ನುತ್ತಿದ್ದ ಲಂಡನ್ನಿನ ‘ಬಿಲ್ಡರ್.ಎಐ’ 2025ರ ಮೇ ತಿಂಗಳಲ್ಲಿ ದಿವಾಳಿಯಾಯಿತು.

ಹಾಗೆಂದು ಉಚಿತವಾದದ್ದನ್ನು ಬಳಸಬೇಡಿ ಎನ್ನುವುದಿಲ್ಲ. ಬಾಡಿಗೆ ಮನೆಯಲ್ಲೂ ಬಾಳುವೆ ನಡೆಯುತ್ತದೆ. ವಿಳಾಸ ಮಾತ್ರ ನಮ್ಮದಾಗಿರಬೇಕು. ಅಂದರೆ ಡೊಮೈನ್ ಹೆಸರು. ‘.ಇನ್’ ಅಥವಾ ‘.ಕಾಮ್’ ಹೆಸರಿಗೆ ವರ್ಷಕ್ಕೆ ಸಾಮಾನ್ಯವಾಗಿ ಒಂದೆರಡು ಸಾವಿರ ರೂಪಾಯಿಯೊಳಗೆ ಖರ್ಚು. ಅದೊಂದು ನಮ್ಮದಾಗಿದ್ದರೆ ಒಳಗಿನ ಸೈಟನ್ನು ಇಂದು ಇಲ್ಲಿಂದ, ನಾಳೆ ಅಲ್ಲಿಂದ ನಡೆಸಬಹುದು, ಗಿರಾಕಿಗೆ ಬದಲಾವಣೆ ತಿಳಿಯುವುದೂ ಇಲ್ಲ. ಆದರೆ ನಮ್ಮಲ್ಲಿ ನಡೆಯುವುದೇನು? ಸಂಘದ ವೆಬ್‌ಸೈಟ್ ಮಾಡಿಕೊಡಲು ಕಂಪ್ಯೂಟರ್ ಬಲ್ಲ ಹುಡುಗನೊಬ್ಬ ಮುಂದೆ ಬರುತ್ತಾನೆ. ಒಳ್ಳೆಯ ಮನಸ್ಸಿನಿಂದಲೇ ತನ್ನ ಇಮೇಲ್‌ನಲ್ಲಿ, ತನ್ನ ಕಾರ್ಡಿನಿಂದ ಡೊಮೈನ್ ಕೊಳ್ಳುತ್ತಾನೆ. ಮೂರು ವರ್ಷದ ನಂತರ ಅವನಿಗೆ ದುಬೈಯಲ್ಲೋ ಕುವೈಟಿನಲ್ಲೋ ಕೆಲಸ ಸಿಗುತ್ತದೆ. ನವೀಕರಣದ ನೋಟೀಸು ಅವನ ಹಳೆಯ ಇಮೇಲ್‌ಗೆ ಹೋಗುತ್ತದೆ. ಒಂದು ದಿನ ಸಂಘದ ಹೆಸರಿನ ವಿಳಾಸದಲ್ಲಿ ಯಾವುದೋ ಜೂಜಿನ ಜಾಹೀರಾತು ಕಾಣಿಸಿಕೊಳ್ಳುತ್ತದೆ. ಇದು ಯಾರದೋ ಒಬ್ಬರ ಕಥೆಯಲ್ಲ, ಎಲ್ಲ ಊರಿನಲ್ಲೂ ಆಗುವಂಥದ್ದು. ಹುಡುಗನದು ಇದರಲ್ಲಿ ತಪ್ಪಿಲ್ಲ. ಸಂಘದ ಹೆಸರಿನಲ್ಲೇ ಒಂದು ಇಮೇಲ್ ತೆರೆದು, ಡೊಮೈನ್, ಶೀಟ್, ಫಾರ್ಮ್, ಆ್ಯಪ್ ಎಲ್ಲವನ್ನೂ ಅದರಲ್ಲೇ ನೋಂದಾಯಿಸಿ, ಪಾಸ್‌ವರ್ಡನ್ನು ಲೆಕ್ಕಪುಸ್ತಕದಂತೆ ಕಾರ್ಯದರ್ಶಿಯಿಂದ ಕಾರ್ಯದರ್ಶಿಗೆ ಹಸ್ತಾಂತರಿಸುವ ಪದ್ಧತಿ ಇದ್ದಿದ್ದರೆ ಸಾಕಾಗಿತ್ತು. ಹೊಸ ಕಾರ್ಯದರ್ಶಿ ಬಂದ ದಿನವೇ ಪಾಸ್‌ವರ್ಡ್ ಬದಲಿಸಿ, ಒಟಿಪಿ ಹೋಗುವ ಫೋನ್ ಸಂಖ್ಯೆಯನ್ನೂ ಬದಲಿಸಬೇಕು. ಒಟಿಪಿಯನ್ನು ಮರೆಯುವವರೇ ಹೆಚ್ಚು.

ಮನೆಯ ವ್ಯಾಪಾರಕ್ಕೂ ಇದೇ ಮಾತು. ಕಾಲೇಜಿನಲ್ಲಿ ಓದುವ ಮಗಳು ಅಮ್ಮನಿಗಾಗಿ ಎಲ್ಲವನ್ನೂ ತನ್ನ ಕಾಲೇಜಿನ ಇಮೇಲ್‌ನಲ್ಲಿ ಮಾಡಿಕೊಟ್ಟರೆ, ಓದು ಮುಗಿದು ಕಾಲೇಜು ಆ ಖಾತೆಯನ್ನು ಮುಚ್ಚಿದ ದಿನ ಗಿರಾಕಿಗಳ ಪಟ್ಟಿಯೂ ಹೋಗುತ್ತದೆ.

ಈಗ ಎಲ್ಲರ ಬಾಯಲ್ಲಿರುವ ಕೃತಕ ಬುದ್ಧಿಮತ್ತೆಯ ವಿಷಯ. ಬೇಕಾದ್ದನ್ನು ಮಾತಿನಲ್ಲಿ ವಿವರಿಸಿದರೆ ಯಂತ್ರವೇ ಕೋಡ್ ಬರೆದು ಸೈಟನ್ನೋ ಆ್ಯಪನ್ನೋ ಕಟ್ಟಿ ಕೊಡುವ ಲವಬಲ್, ಬೋಲ್ಟ್, ರೆಪ್ಲಿಟ್ ಮುಂತಾದ ಸಾಧನಗಳು ಬಂದಿವೆ. 2025ರ ಫೆಬ್ರವರಿಯಲ್ಲಿ ಆಂದ್ರೇ ಕಾರ್ಪಥಿ ಎಂಬ ತಜ್ಞರು ಇದಕ್ಕೆ ‘ವೈಬ್ ಕೋಡಿಂಗ್’ ಎಂದು ಹೆಸರಿಟ್ಟರು, ಕಾಲಿನ್ಸ್ ನಿಘಂಟು ಅದನ್ನೇ ಆ ವರ್ಷದ ಪದವೆಂದು ಆರಿಸಿತು. ಇವು ನಿಜಕ್ಕೂ ಬೆರಗು ಹುಟ್ಟಿಸುವಂಥವು. ಕನ್ನಡದಲ್ಲಿ ವಿವರಿಸಿದರೂ ಅರ್ಥ ಮಾಡಿಕೊಳ್ಳುತ್ತವೆ.

ಆದರೆ ಹಳೆಯ ನೋ ಕೋಡ್ ಸಾಧನಕ್ಕೂ ಇದಕ್ಕೂ ಒಂದು ದೊಡ್ಡ ವ್ಯತ್ಯಾಸವಿದೆ. ಆ್ಯಪ್‌ಶೀಟ್‌ನಂಥ ಸಾಧನದಲ್ಲಿ ನಾವು ಆರಿಸಬಹುದಾದದ್ದು ಅವರು ಮೊದಲೇ ಮಾಡಿ ಪರೀಕ್ಷಿಸಿಟ್ಟ ಭಾಗಗಳನ್ನು ಮಾತ್ರ. ಮಿತಿ ಇದೆ, ಆದರೆ ಆ ಮಿತಿಯೇ ರಕ್ಷಣೆ. ಯಂತ್ರ ಬರೆದ ಕೋಡ್ ಪ್ರತಿ ಸಲವೂ ಹೊಸದು, ಅದರೊಳಗೆ ಏನಿದೆ ಎಂದು ಮಾಡಿಸಿಕೊಂಡವರಿಗೂ ಗೊತ್ತಿರುವುದಿಲ್ಲ. 2025ರಲ್ಲಿ ಲವಬಲ್‌ನಿಂದ ಮಾಡಿದ 1,645 ಆ್ಯಪ್‌ಗಳನ್ನು ಪರೀಕ್ಷಿಸಿದವರಿಗೆ 170 ಆ್ಯಪ್‌ಗಳಲ್ಲಿ ಬಳಕೆದಾರರ ಮಾಹಿತಿ ಹೊರಗಿನವರಿಗೆ ಸಿಗುವಂತಿದ್ದುದು ಕಂಡುಬಂತು. ಮುಂಬಾಗಿಲಿಗೆ ಬೀಗವಿತ್ತು, ಹಿಂದಿನ ಮಾಹಿತಿ ಕೋಶಕ್ಕೆ ಯಾರು ಯಾವ ಸಾಲನ್ನು ನೋಡಬಹುದು ಎಂಬ ನಿಯಮ ಸರಿಯಾಗಿ ಬರೆದಿರಲಿಲ್ಲ. ಅದೇ ವರ್ಷದ ಜುಲೈಯಲ್ಲಿ ರೆಪ್ಲಿಟ್‌ನ ಯಂತ್ರ, ಯಾವುದನ್ನೂ ಬದಲಿಸಬೇಡ ಎಂದು ಹೇಳಿದ್ದರೂ, ಅಮೆರಿಕದ ಉದ್ಯಮಿಯೊಬ್ಬರ ಚಾಲ್ತಿಯಲ್ಲಿದ್ದ ಮಾಹಿತಿ ಕೋಶವನ್ನೇ ಅಳಿಸಿಹಾಕಿತು. ಕಂಪೆನಿಯ ಮುಖ್ಯಸ್ಥರು ಕ್ಷಮೆ ಕೇಳಿದರು.

ಆದ್ದರಿಂದ ನಮ್ಮ ಸಲಹೆ ಹೀಗಿದೆ. ಯಾರ ಖಾಸಗಿ ಮಾಹಿತಿಯೂ ಇಲ್ಲದ ಕೆಲಸಕ್ಕೆ ವೈಬ್ ಕೋಡಿಂಗನ್ನು ಧಾರಾಳವಾಗಿ ಬಳಸಿ: ತಿಂಡಿಗಳ ಪರಿಚಯದ ಪುಟ, ದರ ಲೆಕ್ಕ ಹಾಕುವ ಸಣ್ಣ ಪುಟ, ಕಾರ್ಯಕ್ರಮದ ಆಮಂತ್ರಣ. ಫೋನ್, ವಿಳಾಸ, ಹಣ ಸೇರುವ ಕಡೆ ಪ್ರಸಿದ್ಧ ಫಾರ್ಮ್, ಪ್ರಸಿದ್ಧ ಪಾವತಿ ಸೇವೆಯನ್ನೇ ಜೋಡಿಸಿ. ಅದರಾಚೆಗೆ ಬೇಕಾದರೆ ಬಲ್ಲ ಪ್ರೋಗ್ರಾಮರನ್ನು ಕರೆದು ಎರಡು ಗಂಟೆ ಪರೀಕ್ಷೆ ಮಾಡಿಸಿ ಹಣ ಕೊಡಿ. ಪೂರ್ತಿ ಕಟ್ಟಿಸುವುದಕ್ಕಿಂತ ಇದು ಎಷ್ಟೋ ಅಗ್ಗ.

ಗಿರಾಕಿಗಳ ಮಾಹಿತಿ ಈಗ ಕಾನೂನಿನ ವಿಷಯವೂ ಹೌದು. 2023ರ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯ್ದೆಯ ನಿಯಮಗಳು 2025ರ ನವೆಂಬರ್‌ನಲ್ಲಿ ಪ್ರಕಟವಾಗಿದ್ದು, ಮುಖ್ಯ ಹೊಣೆಗಾರಿಕೆಗಳಿಗೆ ಅಲ್ಲಿಂದ 18 ತಿಂಗಳ ಕಾಲಾವಕಾಶವನ್ನು ನೀಡಲಾಗಿದೆ. ಸಣ್ಣ ವ್ಯಾಪಾರಿಯನ್ನು ನಾಳೆಯೇ ಯಾರೂ ಹಿಡಿಯಲಾರರು, ನಿಜ. ಆದರೆ ಐವತ್ತು ಮನೆಗಳ ವಿಳಾಸ, ಯಾರು ಯಾವ ದಿನ ಮನೆಯಲ್ಲಿರುತ್ತಾರೆ ಎಂಬ ವಿವರ ನಮ್ಮ ಶೀಟಿನಲ್ಲಿದೆ ಎಂಬುದನ್ನು ಯೋಚಿಸಬೇಕು. ‘ಕೊಂಡಿ ಇರುವ ಯಾರು ಬೇಕಾದರೂ ನೋಡಬಹುದು’ ಎಂಬ ಆಯ್ಕೆಯನ್ನು ಒತ್ತಿ ಶೀಟನ್ನು ಹಂಚುವುದೆಂದರೆ ಆ ವಿವರವನ್ನು ಬೀದಿಯಲ್ಲಿ ಅಂಟಿಸಿದಂತೆ. ಜನ್ಮದಿನ, ಆಧಾರ್ ಸಂಖ್ಯೆ ಮುಂತಾದ ಬೇಡದ್ದನ್ನು ಕೇಳಲೇಬಾರದು. ಕುಸ್ವಾರ್ ಕೊಡಲು ಆಧಾರ್ ಯಾಕೆ?

ಹಬ್ಬ ಮುಗಿದ ಮೇಲೆ ಜನವರಿಯಲ್ಲಿ ಅರ್ಧ ಗಂಟೆ ಕೆಲಸ ಬಾಕಿ ಇರುತ್ತದೆ. ಶೀಟಿನ ಪ್ರತಿಯನ್ನು ಎಕ್ಸೆಲ್ ರೂಪದಲ್ಲಿ ಇಳಿಸಿ ಪೆನ್‌ಡ್ರೈವಿನಲ್ಲಿಡಿ. ಮುಂದಿನ ವರ್ಷಕ್ಕೆ ಹೆಸರು, ಫೋನ್ ಇಟ್ಟುಕೊಳ್ಳುವುದಾದರೆ ಗಿರಾಕಿಗಳ ಒಪ್ಪಿಗೆ ಕೇಳಿ, ಬೇಡವೆಂದವರ ಸಾಲನ್ನು ಅಳಿಸಿ. ಪೊಟ್ಟಣ ತಲುಪಿಸುತ್ತಿದ್ದ ಹುಡುಗನ ಅನುಮತಿಯನ್ನು ತೆಗೆಯಿರಿ. ಡೊಮೈನ್ ನವೀಕರಣದ ದಿನಾಂಕವನ್ನು ಗೋಡೆಯ ಕ್ಯಾಲೆಂಡರಿನಲ್ಲಿ ಗುರುತು ಹಾಕಿ. ಫಾರ್ಮಿನಲ್ಲಿ ‘ಉತ್ತರ ಸ್ವೀಕರಿಸಲಾಗುತ್ತಿದೆ’ ಎಂಬ ಗುಂಡಿಯನ್ನು ಆರಿಸಿಬಿಡಿ, ಇಲ್ಲವಾದರೆ ಫೆಬ್ರವರಿಯಲ್ಲಿ ಯಾರೋ ಎರಡು ಕಿಲೊ ನೆವ್ರ್ಯೊ ಕೇಳಿ ಹಣ ಹಾಕಿ ಕಾಯುತ್ತಾ ಕುಳಿತಿರುತ್ತಾರೆ.